ಮುರಿದ ಬೋಲ್ಟನ್ನು ತೆಗೆಯುವ ಬಗೆ

ಕಡಲೆಕಾಯಿ ಕಿತ್ತು ಕಣಕ್ಕೆ ತಂದ ಮೇಲೆ ಬಿಡಿಸುವ ಯಂತ್ರ ನಿಂತಿತೆಂದರೆ ಹಿಂದೂಪುರ, ಕಲ್ಯಾಣದುರ್ಗದ ಕಡೆಯ ರೈತನಿಗೆ ದಿನವೊಂದು ಯುಗ. ಹಿಂಗಾರು ಮಳೆ ಯಾವ ಗಳಿಗೆಯಲ್ಲಿ ಬಂದು ಬಳ್ಳಿಯನ್ನು ನೆನೆಸುವುದೋ ಹೇಳಲಾಗದು. ಇಂತಹ ಸಮಯದಲ್ಲೇ ಬೇರಿಂಗಿನ ಮನೆಯ ಬೋಲ್ಟಿನ ತಲೆ ಮುರಿದು, ಉಳಿದ ತುಂಡು ತೂತಿನಲ್ಲಿ ನಿಂತುಬಿಡುತ್ತದೆ. ಆತುರಪಟ್ಟು ದೊಡ್ಡ ಸುತ್ತಿಗೆಯಿಂದ ಹೊಡೆಯಬಾರದು. ಎರಕದ ಕಬ್ಬಿಣ ಪೆಟ್ಟನ್ನು ತಾಳದೆ ಸೀಳುತ್ತದೆ. ಆಗ ಹೋಗುವುದು ಬೋಲ್ಟಲ್ಲ, ಇಡೀ ಮನೆ.

ಮೊದಲು ಮುರಿದ ಜಾಗವನ್ನು ಒರೆಸಿ ನೋಡಿರಿ. ಅತಿಯಾಗಿ ಬಿಗಿದೋ, ಸಡಿಲವಾಗಿ ಅದುರಿಯೋ ಮುರಿದದ್ದಾದರೆ, ತಲೆ ಹೋದೊಡನೆ ಎಳೆತವೂ ಹೋಗಿರುವುದರಿಂದ ತುಂಡು ಸುಲಭವಾಗಿ ತಿರುಗುವುದುಂಟು. ಮೊನಚಾದ ಪಂಚನ್ನು ತುಂಡಿನ ಅಂಚಿಗೆ ಓರೆಯಾಗಿ ಇಟ್ಟು, ಗಡಿಯಾರದ ಮುಳ್ಳಿಗೆ ಎದುರಾಗಿ ಮೆಲ್ಲಗೆ ತಟ್ಟಿರಿ. ಎಷ್ಟೋ ವೇಳೆ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ತುಕ್ಕು ಹಿಡಿದದ್ದರ ಮಾತೇ ಬೇರೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಮರೆಗಳ ನಡುವೆ ಬೆಣೆಯಂತೆ ಕೂರುತ್ತದೆ. (ತೆಲುಗಿನಲ್ಲಿ 'ಮರ' ಎನ್ನುವುದು ಇದನ್ನೇ.) ಸೀಮೆಎಣ್ಣೆಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಟ್ಟು, ಆಗಾಗ ಹಗುರವಾಗಿ ತಟ್ಟುತ್ತ, ಒಂದು ರಾತ್ರಿ ಬಿಡುವುದು ಒಳ್ಳೆಯದು.

ತುಂಡು ಕೊಂಚ ಮೇಲೆದ್ದಿದ್ದರೆ ವೆಲ್ಡಿಂಗ್ ಅಂಗಡಿಯೇ ಲೇಸು. ಬೇರಿಂಗನ್ನು ಬಿಚ್ಚಿಟ್ಟು, ಎಣ್ಣೆಯನ್ನು ಪೂರ್ತಿ ಒರೆಸಿಯೇ ಒಯ್ಯಿರಿ. ತುಂಡಿನ ಮೇಲೆ ನಟ್ಟೊಂದನ್ನಿಟ್ಟು ಅದರ ತೂತಿನ ಮೂಲಕ ಬೆಸೆದರೆ ಹಿಡಿಯಲು ತಲೆಯೂ ಸಿಕ್ಕಿತು, ಕಾವಿಗೆ ತುಕ್ಕೂ ಸಡಿಲಿತು. ಸ್ವಲ್ಪ ಆರಿದ ಮೇಲೆ ಸ್ಪ್ಯಾನರಿನಿಂದ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬಿಡಿಸತಕ್ಕದ್ದು.

ಒಳಗೇ ಮುರಿದಿದ್ದರೆ ಕೊರೆಯಬೇಕು. ಸರಿಯಾಗಿ ನಡುವೆ ಪಂಚ್ ಗುರುತು ಹಾಕಿರಿ. ಕೆಲಸವೆಲ್ಲ ನಿಂತಿರುವುದು ಈ ಗುರುತಿನ ಮೇಲೆ. 10 ಮಿಲಿಮೀಟರ್ ಬೋಲ್ಟಿಗೆ ಮೊದಲು 3, ಆಮೇಲೆ 5 ಮಿಲಿಮೀಟರ್ ಡ್ರಿಲ್ಲು ಸಾಕು. ಕಣ್ಣಿಗೆ ಕನ್ನಡಕವಿರಲಿ. ಅನಂತರ ಎಡಮರೆಯ ಎಕ್ಸ್‌ಟ್ರಾಕ್ಟರನ್ನು ತೂರಿಸಿ ತಿರುಗಿಸುವುದು. ಅದು ಬಗ್ಗದಿದ್ದರೆ ಅಲ್ಲಿಗೇ ನಿಲ್ಲಿಸಿ. ಎಕ್ಸ್‌ಟ್ರಾಕ್ಟರಿನ ಉಕ್ಕು ಬಲು ಗಡಸು. ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ಲು ಅದನ್ನು ಕೊರೆಯಲಾರದು, ಒಂದು ತೊಂದರೆ ಎರಡಾಗುತ್ತದೆ. ಬದಲಾಗಿ, 1.5 ಮಿಲಿಮೀಟರ್ ಅಂತರದ ಸಾಧಾರಣ ಮರೆಯಾದರೆ, ಲೇತ್ ಅಂಗಡಿಯಲ್ಲಿ 8.5ರವರೆಗೆ ಕೊರೆಸಿ ಟ್ಯಾಪ್ ಹಾಕಿಸಿರಿ. ಮೂಲ ಮರೆ ಉಳಿಯುತ್ತದೆ.

ಹೊಸ ಬೋಲ್ಟು ಕೊಳ್ಳುವಾಗ ಹಳೆಯ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಹಳೆಯ ಯಂತ್ರಗಳಲ್ಲಿ ಅಂಗುಲದ ಮರೆಯುಂಟು. 3/8 ಅಂಗುಲವೆಂದರೆ ಸುಮಾರು 9.5 ಮಿಲಿಮೀಟರ್, ಕಣ್ಣಿಗೆ 10ರಂತೆಯೇ ಕಾಣುತ್ತದೆ, ಬಲವಂತಕ್ಕೆ ಎರಡು ಸುತ್ತು ಹೋಗಿ ಮರೆಯನ್ನು ಕೆಡಿಸುತ್ತದೆ. ತೂತಿನ ಆಳವನ್ನೂ ಕಡ್ಡಿಯಿಂದ ಅಳೆದುಕೊಳ್ಳಿ. ಮೊದಲ ನಾಲ್ಕು ಸುತ್ತು, ಗ್ರೀಸ್ ಸವರಿ, ಬೆರಳಿನಿಂದಲೇ ಹಾಕಿರಿ.