ತಗ್ಗು ಅಟ್ಟಕ್ಕೆ ಎಂಥ ದೀಪ?



ಕಡಬ ತಾಲೂಕಿನ ಇಚಿಲಂಪಾಡಿಯಂತಹ ಊರುಗಳಲ್ಲಿ ಹಂಚಿನ ಮಾಡಿನ ಮನೆಗಳನ್ನು ನೀವು ನೋಡಿರುತ್ತೀರಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಹಂಚು ಕರಾವಳಿಯಲ್ಲೆಲ್ಲ ಹರಡಿತು. ಮಳೆನೀರು ಬೇಗ ಇಳಿಯಲೆಂದು ಮಾಡು ಇಳಿಜಾರಾಗಿರುತ್ತದೆ. ಅದರ ಅಡಿಯಲ್ಲಿ ಸಿಗುವ ಜಾಗವೇ ಅಟ್ಟ. ಅಡಿಕೆ, ತೆಂಗಿನಕಾಯಿ ಇಡುತ್ತಿದ್ದ ಅಟ್ಟವನ್ನು ಓದುವ ಕೋಣೆ ಮಾಡಬೇಕೆಂದರೆ ಅಲ್ಲಿಗೆ ಎಂಥ ದೀಪ ಬೇಕು? ಬನ್ನಿ, ಯೋಚಿಸೋಣ.

ತಲೆಗೆ ಜಾಗ ಬಿಡಿ

ಅಟ್ಟದ ನಡುವೆ ಎತ್ತರ 7 ಅಡಿ ಎಂದಿಟ್ಟುಕೊಳ್ಳಿ. ಅಲ್ಲಿಂದ ಒಂದೂವರೆ ಅಡಿ ಕೆಳಗೆ ಬಲ್ಬು ತೂಗಿದರೆ ಅದು ನೆಲದಿಂದ ಐದೂವರೆ ಅಡಿಯಲ್ಲಿರುತ್ತದೆ. ದೊಡ್ಡವರ ಹಣೆಗೆ ಬಡಿಯುವುದು ಖಂಡಿತ! ನಾವು ನಿಂತು ಓಡಾಡುವುದು ಎತ್ತರವಿರುವ ನಡುಭಾಗದಲ್ಲಿ. ಕುಳಿತು ಓದುವುದು ತಗ್ಗಾದ ಬದಿಗಳಲ್ಲಿ. ಆದ್ದರಿಂದ ನಡುಭಾಗವನ್ನು ಖಾಲಿ ಬಿಟ್ಟು, ಬದಿಯ ಪಕ್ಕಾಸಿಗೆ ಅಂಟಿಕೊಂಡಂತೆ ಕೂರುವ ತೆಳುವಾದ ದೀಪವನ್ನು ಆರಿಸಬೇಕು.

ಕಣ್ಣು ಕುಕ್ಕದಿರಲಿ

ತಗ್ಗಿನಲ್ಲಿರುವ ದೀಪ ಕಣ್ಣಿಗೆ ಹತ್ತಿರ. ಸಣ್ಣ ಜಾಗದಿಂದ ಬರುವ ತೀಕ್ಷ್ಣ ಬೆಳಕು ಕಣ್ಣನ್ನು ಕುಕ್ಕುತ್ತದೆ. ಅದೇ ಬೆಳಕು ಅಗಲವಾದ ಹಾಲುಬಣ್ಣದ ಮುಚ್ಚಳದಿಂದ ಬಂದರೆ ಹಿತವಾಗಿರುತ್ತದೆ. ಗೋಡೆಗೆ ಬಿಳಿ ಸುಣ್ಣ ಬಳಿದರೆ ಅದು ಬೆಳಕನ್ನು ಹಿಂದಕ್ಕೆ ಚೆಲ್ಲಿ ಮೂಲೆಗಳನ್ನೂ ಬೆಳಗುತ್ತದೆ.

ಬಿಸಿಯ ಬಗ್ಗೆ ಎಚ್ಚರ

ಹಳೆಯ ತಂತಿ ಬಲ್ಬು ತಾನು ಬಳಸುವ ವಿದ್ಯುತ್ತಿನ ಹತ್ತನೇ ಒಂದು ಪಾಲನ್ನೂ ಬೆಳಕಾಗಿಸುವುದಿಲ್ಲ, ಉಳಿದದ್ದೆಲ್ಲ ಶಾಖವಾಗುತ್ತದೆ. ಅದರ ಬಳಿ ಒಣ ಅಡಿಕೆ ಸಿಪ್ಪೆ, ಮಡಲು ಇದ್ದರೆ ಬೆಂಕಿಯ ಅಪಾಯ. 60 ವಾಟ್‌ನ ಆ ಬಲ್ಬು ಕೊಡುವಷ್ಟು ಬೆಳಕನ್ನು ಸುಮಾರು 9 ವಾಟ್‌ನ ಎಲ್‌ಇಡಿ ದೀಪ ಕೊಡುತ್ತದೆ. ಬಿಳಿ ಎಲ್‌ಇಡಿಗೆ ದಾರಿ ಮಾಡಿಕೊಟ್ಟ ನೀಲಿ ಎಲ್‌ಇಡಿಯನ್ನು ರೂಪಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಎಂಬ ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

ಆದರೆ ಎಲ್‌ಇಡಿಯೂ ಬಿಸಿಯಾಗುತ್ತದೆ, ಅದರ ಬುಡದಲ್ಲಿ! ಬಿಸಿ ಹೆಚ್ಚಾದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ಬೇಸಿಗೆಯಲ್ಲಿ ಹಂಚಿನ ಅಡಿ ಮೊದಲೇ ಧಗೆ. ಆದ್ದರಿಂದ ದೀಪದ ಹಿಂದೆ ಗಾಳಿಯಾಡಲು ಸಂದು ಬಿಡಿಸಿ, ಅದನ್ನು ಬಟ್ಟೆ ಕಾಗದಗಳಿಂದ ಮುಚ್ಚಬೇಡಿ.

ಹಗಲು ಹೊತ್ತಿಗೆ? ಒಂದೆರಡು ಗಾಜಿನ ಹಂಚು ಹಾಕಿಸಿದರೆ ಸೂರ್ಯನೇ ದೀಪ. ಅದಕ್ಕೆ ಕರೆಂಟಿನ ಬಿಲ್ಲೂ ಇಲ್ಲ!

ಮಾಡಿ ನೋಡಿ

ಕತ್ತಲಾದ ಕೋಣೆಯಲ್ಲಿ ನೋಟುಪುಸ್ತಕದ ಮೇಲೆ ಟಾರ್ಚಿನ ಬೆಳಕು ಬಿಡಿ. ನಡುವೆ ಪೆನ್ಸಿಲ್ ಹಿಡಿಯಿರಿ. ನೆರಳಿನ ಅಂಚು ಹೇಗಿದೆ? ಈಗ ಟಾರ್ಚಿನ ಮುಂದೆ ಒಂದು ಗೇಣು ದೂರದಲ್ಲಿ ತೆಳುವಾದ ಬಿಳಿ ಕಾಗದ ಹಿಡಿಯಲು ಗೆಳೆಯರಿಗೆ ಹೇಳಿ. ನೆರಳಿನ ಅಂಚು ಮಸುಕಾಯಿತಲ್ಲವೇ? ಈಗ ಬೆಳಕು ಕಾಗದದ ಅಗಲ ಜಾಗದಿಂದ ಬರುತ್ತಿದೆ. ಹಾಲುಬಣ್ಣದ ಮುಚ್ಚಳ ಮಾಡುವುದೂ ಇದನ್ನೇ.

ಯೋಚಿಸಿ

ಬಲಗೈಯಲ್ಲಿ ಬರೆಯುವವರಿಗೆ ದೀಪ ಯಾವ ಬದಿಯಲ್ಲಿದ್ದರೆ ಒಳ್ಳೆಯದು? ಎಡಗೈಯವರಿಗೆ? ಕೈಯ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಉತ್ತರಿಸಿ.

ನೆನಪಿಡಿ: ಅಳತೆ ಮಾಡುವುದು, ಜಾಗ ಆರಿಸುವುದು ನಿಮ್ಮ ಕೆಲಸ. ವಯರು ಜೋಡಿಸುವುದು ಮಾತ್ರ ಎಲೆಕ್ಟ್ರಿಷಿಯನ್ ಕೆಲಸ.