ನೆಟ್ಟವರಾರು, ನೀರೆರೆಯುವವರಾರು?

ಏಪ್ರಿಲ್ ತಿಂಗಳ ನಡುಹಗಲಿನಲ್ಲಿ ಬಳ್ಳಾರಿಯ ಯಾವುದಾದರೂ ಬೀದಿಯನ್ನು ಗಮನಿಸಿ ನೋಡಿ. ತಳ್ಳುಗಾಡಿಯವರು, ಆಟೋ ಚಾಲಕರು, ಬಸ್ಸಿಗೆ ಕಾದಿರುವ ತಾಯಂದಿರು ಎಲ್ಲರೂ ಒಂದೇ ಬೇವಿನ ಮರದ ಕೆಳಗೆ ಸೇರಿರುತ್ತಾರೆ. ನಮ್ಮೂರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ಜನ ನಗೆಯಾಡುವುದುಂಟು. ಬಿಸಿಲು 40 ಡಿಗ್ರಿ ದಾಟಿದಾಗ ಆ ನಗೆಯೂ ಬಾಡುತ್ತದೆ.

ತಗಡಿನ ನೆರಳಿಗೂ ಮರದ ನೆರಳಿಗೂ ಇರುವ ವ್ಯತ್ಯಾಸವೇನು? ತಗಡು ತಾನೂ ಕಾದು ಕೆಳಗಿರುವವರನ್ನೂ ಬೇಯಿಸುತ್ತದೆ. ಮರವಾದರೋ ಬೇರಿನಿಂದ ಹೀರಿದ ನೀರನ್ನು ಎಲೆಗಳ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಬಿಡುತ್ತದೆ. ಹಾಗೆ ಆವಿಯಾಗುವಾಗ ಸುತ್ತಲಿನ ಶಾಖ ಕಡಿಮೆಯಾಗುತ್ತದೆ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದೂ ಹೀಗೆಯೇ. ನಮ್ಮ ಬಂಡೆಯ ಗುಡ್ಡಗಳು, ಡಾಂಬರು ರಸ್ತೆಗಳು, ಕಾಂಕ್ರೀಟ್ ಮಾಳಿಗೆಗಳು ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಉಗುಳುತ್ತವೆ. ಮರದ ನೆರಳು ಬಿದ್ದಿರುವ ರಸ್ತೆ, ಗೋಡೆಗಳಿಗೆ ಆ ಬಿಸಿ ಅಷ್ಟಾಗಿ ಏರುವುದಿಲ್ಲ.

ವಿಚಿತ್ರವೆಂದರೆ, ನಮ್ಮ ಊರಿನ ಹೆಸರು ಹೊತ್ತ ಬಳ್ಳಾರಿ ಜಾಲಿ ಇಲ್ಲಿಯ ಮರವೇ ಅಲ್ಲ. ಅದು 19ನೆಯ ಶತಮಾನದಲ್ಲಿ ಅಮೆರಿಕ ಖಂಡದಿಂದ ಭಾರತಕ್ಕೆ ಬಂದದ್ದು. ಅದಕ್ಕೆ ಯಾರೂ ನೀರೆರೆಯಬೇಕಿಲ್ಲ. ಆಡು, ಕುರಿಗಳು ಕಾಯಿ ತಿಂದು ಹಿಕ್ಕೆಯೊಡನೆ ಬೀಜವನ್ನು ಎಲ್ಲೆಡೆ ಹರಡುತ್ತವೆ. ಬಡವರ ಒಲೆಗೆ ಸೌದೆಯಾದ ಉಪಕಾರವನ್ನು ಮರೆಯಲಾಗದು. ಆದರೆ ಅದು ತನ್ನ ಬುಡದಲ್ಲಿ ಬೇರೆ ಗಿಡಗಳನ್ನು ಬೆಳೆಯಗೊಡುವುದಿಲ್ಲ. ಮುಳ್ಳಿನಿಂದಾಗಿ ಮಕ್ಕಳು ಅಲ್ಲಿ ಕೂರುವಂತೆಯೂ ಇಲ್ಲ. ಯಾರೂ ನೋಡಿಕೊಳ್ಳದ ಜಾಗಕ್ಕೆ ತಾನಾಗಿ ಬರುವ ಮರ ಅದು. ಬೇವು, ಹೊಂಗೆ, ಆಲ, ಅರಳಿಗಳಿಗೆ ಮೊದಲ ವರ್ಷಗಳಲ್ಲಾದರೂ ಯಜಮಾನನೊಬ್ಬ ಬೇಕು.

ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಮನುಷ್ಯನಿಗೆ ತೋಟದಲ್ಲಿ ವಹಿಸಿದ ಕೆಲಸಗಳು ಎರಡು: ವ್ಯವಸಾಯ ಮಾಡುವುದು ಮತ್ತು ಕಾಯುವುದು. ಜೂನ್ 5ರಂದು ಸಸಿ ನೆಡುವಾಗ ಫೋಟೋ ತೆಗೆಸಿಕೊಳ್ಳುವವರು ಬಹಳ. ಮಾರ್ಚ್ ತಿಂಗಳಲ್ಲಿ ಕೊಡ ಹಿಡಿದು ಹೋಗುವವರ ಫೋಟೋ ಯಾರೂ ತೆಗೆಯುವುದಿಲ್ಲ. ಸಸಿಯ ಅಳಿವು ಉಳಿವು ತೀರ್ಮಾನವಾಗುವುದು ಆ ಮಾರ್ಚ್‌ನಲ್ಲೇ.

2025ರಲ್ಲಿ ನಿಧನರಾದ ಸಾಲುಮರದ ತಿಮ್ಮಕ್ಕನವರನ್ನು ನೆನೆಯಿರಿ. ಮಾಗಡಿ ಸೀಮೆಯ ಹುಲಿಕಲ್ ಮತ್ತು ಕುದೂರು ನಡುವಿನ ರಸ್ತೆಯಲ್ಲಿ ಅವರೂ ಪತಿ ಚಿಕ್ಕಯ್ಯನವರೂ 385 ಆಲದ ಮರಗಳನ್ನು ಬೆಳೆಸಿದರು. ಕೂಲಿಯ ಕುಟುಂಬ; ಓದು ಬರಹವಿಲ್ಲ. ಕೊಡಗಳಲ್ಲಿ ನೀರು ಹೊತ್ತು ಹಾಕಿದರು, ದನಕರುಗಳು ಮೇಯದಂತೆ ಮುಳ್ಳುಬೇಲಿ ಕಟ್ಟಿದರು. 2019ರಲ್ಲಿ ರಸ್ತೆ ಅಗಲೀಕರಣದಿಂದ ಆ ಮರಗಳಿಗೆ ಅಪಾಯ ಬಂದಾಗ ಸರ್ಕಾರದ ಮುಂದೆ ಮನವಿ ಸಲ್ಲಿಸಿದವರೂ ಅವರೇ.

ನಮ್ಮಲ್ಲಿ ಊರಿನಿಂದ ಊರಿಗೆ ನೆಲ ಬೇರೆ. ಸಿರುಗುಪ್ಪದ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಎಳೆಯ ಬೇರುಗಳನ್ನು ಹರಿಯುತ್ತದೆ. ಆದ್ದರಿಂದ ಬುಡಕ್ಕೆ ಒಣಹುಲ್ಲು ಹೊದಿಸಿ. ಭತ್ತದ ಸೀಮೆಯಲ್ಲಿ ಹುಲ್ಲಿಗೇನು ಬರ? ಕಾಲುವೆಯ ಬದಿಯ ಜೌಗು ನೆಲವನ್ನು ಹೊಂಗೆ ತಾಳಿಕೊಳ್ಳುತ್ತದೆ. ಕುರುಗೋಡಿನ ಗುಡ್ಡದ ಬುಡದಲ್ಲಿ ಗರಸು ನೆಲ; ಗುಂಡಿಯನ್ನು ಆಳವಾಗಿ ತೋಡಿ, ಕೆರೆಯ ಗೋಡು ತುಂಬಿ ಬೇವನ್ನು ನೆಡಬೇಕು. ಬಳ್ಳಾರಿ ನಗರದಲ್ಲಂತೂ ಮೇಲೆ ವಿದ್ಯುತ್ ತಂತಿ ಇದೆಯೇ ಎಂದು ಮೊದಲು ತಲೆಯೆತ್ತಿ ನೋಡಿ, ಆಮೇಲೆ ಗುದ್ದಲಿ ಹಿಡಿಯಿರಿ.

ಇರುವ ಮರಗಳ ಸಂಕಟ ಬೇರೆ. ಬುಡದವರೆಗೂ ಕಾಂಕ್ರೀಟ್ ಸುರಿದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ದೆಹಲಿಯ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿತ್ತು. ಆ ಅಳತೆಯನ್ನು ನಮ್ಮ ಅಂಗಳಗಳಲ್ಲಿ ಪಾಲಿಸಲು ಆದೇಶ ಬೇಕೇ? ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನು ಬಿಟ್ಟರೆ, ನಗರದಲ್ಲಿ ನಿಮ್ಮ ಹಿತ್ತಲಿನ ಮರ ಕಡಿಯಲೂ ಮರ ಅಧಿಕಾರಿಯ ಅನುಮತಿ ಬೇಕು.

ಎಲೆ ಉದುರುವ ಕಾಲದಲ್ಲಿ ಮನೆಮುಂದೆ ಗುಡಿಸಿದ ರಾಶಿಗೆ ಬೆಂಕಿ ಹಚ್ಚುವ ಅಭ್ಯಾಸ ಅನೇಕರಿಗಿದೆ. ಅದನ್ನು ಅದೇ ಮರದ ಬುಡದ ಪಾತಿಗೆ ಸುರಿದು ಎರಡು ಕೊಡ ನೀರು ಹಾಕಿ. ಪಾತ್ರೆ ತೊಳೆದ ನೀರಾದರೂ ಆದೀತು, ಸೋಪು ಹೆಚ್ಚಿರದಿದ್ದರೆ ಸರಿ.