ಕಂಡದ್ದು ಬಲಪುಟ, ಅನಿಸಿದ್ದು ಎಡಪುಟ

ಸೊರಬ ತಾಲ್ಲೂಕಿನ ಹೊಸಬಾಳೆಯ ನಮ್ಮ ಮನೆಯ ಅಟ್ಟದ ಮೇಲೆ ಒಂದು ಕಬ್ಬಿಣದ ಟ್ರಂಕು ಇದೆ. ಅದರ ತುಂಬ ನನ್ನ ನೌಕರಿಯ ಕಾಲದ ಟಿಪ್ಪಣಿ ಪುಸ್ತಕಗಳು. ಅಂತರ್ಜಲ ಹುಡುಕುವ ಭೂವಿಜ್ಞಾನಿಯಾಗಿ ಸೊರಬ, ಶಿಕಾರಿಪುರ, ಸಾಗರ, ಹೊನ್ನಾಳಿ ಸೀಮೆಯ ಗದ್ದೆ ಬದುಗಳ ಮೇಲೆ, ಕಾನು ಎಂಬ ನಿತ್ಯಹಸಿರು ಕಾಡಿನೊಳಗೆ, ಕೆರೆ ಏರಿಯ ಮೇಲೆ ನಡೆದದ್ದೆಲ್ಲ ಅವುಗಳಲ್ಲಿದೆ. ನಿವೃತ್ತನಾದ ಮೇಲೆ ಎರಡು ಮಳೆಗಾಲ ಕೂತು ಅವನ್ನೆಲ್ಲ ಮತ್ತೆ ಓದಿದೆ. ಪಕ್ಕದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಬರೆದ ಪುಸ್ತಕಗಳನ್ನೂ ಇಟ್ಟುಕೊಂಡಿದ್ದೆ.

ಫೂಟ್ 1834ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಸೇರಿ 1891ರವರೆಗೆ ದಕ್ಷಿಣ ಭಾರತದ ಕಲ್ಲುಗಳನ್ನು ಓದಿದರು. ನಮ್ಮ ಕಾಲ ಕೆಳಗಿನ ಶಿಲೆಗಳ ಗುಂಪಿಗೆ ‘ಧಾರವಾಡ’ ಎಂಬ ಹೆಸರು ಕೊಟ್ಟವರು ಅವರು. ಬಾದಾಮಿ, ಬಾಗಲಕೋಟೆ ಕಡೆಯ ಶಿಲೆಗಳಿಗೆ ‘ಕಲಾದಗಿ’ ಎಂದು ಹೆಸರಿಟ್ಟವರೂ ಅವರೇ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ, ಅರವತ್ತರ ವಯಸ್ಸಿನ ಫೂಟ್ ಬಂದು ಅದಕ್ಕೆ ತಳಪಾಯ ಹಾಕಿಕೊಟ್ಟರು. ಅವರ ಕೈಬರಹದ ಕ್ಷೇತ್ರ ಟಿಪ್ಪಣಿಗಳನ್ನು ನಾನು ಮುಟ್ಟಿ ನೋಡಿದವನಲ್ಲ. ಆದರೆ ಅವರ ಅಚ್ಚಾದ ಪುಟಗಳನ್ನು ಓದುವಾಗ ಹಿಂದೆ ನಿಂತ ಟಿಪ್ಪಣಿ ಪುಸ್ತಕ ಕಾಣುತ್ತದೆ: ಊರು, ಹಳ್ಳ, ದಿಕ್ಕು, ದೂರ, ಕಲ್ಲಿನ ಬಣ್ಣ. ಅವರ ಪುಟಗಳಿಂದ ಕಲಿತದ್ದೂ ನನ್ನ ತಪ್ಪುಗಳಿಂದ ಕಲಿತದ್ದೂ ಸೇರಿ ಈ ಪಾಠಗಳಾಗಿವೆ.

1. ನಿಂತ ಜಾಗದಲ್ಲೇ ಬರೆಯಬೇಕು

1863ರ ಮೇ 30ರಂದು ಮದರಾಸಿನ ಹತ್ತಿರದ ಪಲ್ಲಾವರಂನಲ್ಲಿ, ಜಲ್ಲಿಗಾಗಿ ತೋಡಿದ್ದ ಗುಂಡಿಯಲ್ಲಿ ಫೂಟ್‌ಗೆ ಒಂದು ಕಲ್ಲಿನ ಆಯುಧ ಸಿಕ್ಕಿತು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯರಿದ್ದರು ಎಂಬ ಅರಿವು ಶುರುವಾದದ್ದು ಅಲ್ಲಿಂದ. ನೂರಾ ಅರವತ್ತು ವರ್ಷ ದಾಟಿದರೂ ಆ ದಿನಾಂಕ ನಮಗೆ ಗೊತ್ತಿರುವುದಕ್ಕೆ ಕಾರಣ ಒಂದೇ, ಅದನ್ನು ಬರೆದಿಟ್ಟಿದ್ದರು.

ನೌಕರಿಯ ಮೊದಲ ವರ್ಷ ನಾನು ಸಂಜೆ ವಸತಿಗೃಹಕ್ಕೆ ಬಂದು, ಸ್ನಾನ ಮಾಡಿ, ನೆನಪಿನಿಂದ ಬರೆಯುತ್ತಿದ್ದೆ. ಒಂದೇ ದಿನ ಆರು ಬಾವಿ ನೋಡಿದರೆ ಸಂಜೆಯ ಹೊತ್ತಿಗೆ ಮೂರನೆಯದರ ನೀರಿನ ಮಟ್ಟ ಐದನೆಯದಕ್ಕೆ ಹೋಗಿ ಕೂರುತ್ತದೆ. ಆ ವರ್ಷದ ಪುಸ್ತಕವನ್ನು ಇಂದು ಯಾವ ಕೆಲಸಕ್ಕೂ ನಂಬಲಾರೆ. ಇನ್ನೊಂದು ಸಣ್ಣ ಮಾತು: ಪೆನ್ಸಿಲ್‌ನಲ್ಲೇ ಬರೆಯಿರಿ. ಸೊರಬದ ಜುಲೈ ಮಳೆಯಲ್ಲಿ ಶಾಯಿ ಉಳಿಯುವುದಿಲ್ಲ.

2. ಊರಿನ ಹೆಸರು ಸಾಲದು

ಒಂದೇ ತಾಲ್ಲೂಕಿನಲ್ಲಿ ಒಂದೇ ಹೆಸರಿನ ಎರಡು ಹಳ್ಳಿ ಇರುವುದು ಮಲೆನಾಡಿನಲ್ಲಿ ಹೊಸದಲ್ಲ. ಒಮ್ಮೆ ನಾನು ಬರೆದ ಒಂದು ವರದಿ ಅದೇ ಹೆಸರಿನ ಬೇರೆ ಹಳ್ಳಿಯ ಕಡತಕ್ಕೆ ಸೇರಿತು. ಕೊಳವೆಬಾವಿಯ ಲಾರಿ ಆ ಊರಿಗೇ ಹೋಯಿತು. ಜನ ಎರಡು ದಿನ ಕೊಡ ಇಟ್ಟುಕೊಂಡು ಕಾದರು, ಬಂದದ್ದು ಬರೀ ಧೂಳು. ತಪ್ಪು ನನ್ನದೇ. ಹೋಬಳಿ, ಸರ್ವೆ ನಂಬರು, ನಕ್ಷೆಯ ಸಂಖ್ಯೆ ಯಾವುದನ್ನೂ ನಾನು ಬರೆದಿರಲಿಲ್ಲ.

ಅಂದಿನಿಂದ ಪ್ರತಿ ನಮೂದಿನ ತಲೆಯ ಮೇಲೆ ನಾಲ್ಕು ಸಂಗತಿ ಬರೆಯತೊಡಗಿದೆ: ದಿನಾಂಕ, ಸರ್ವೇಕ್ಷಣ ನಕ್ಷೆಯ ಸಂಖ್ಯೆ (ಸೊರಬ, ಶಿಕಾರಿಪುರ ಎರಡೂ ಹಳೆಯ 48 ಎನ್ ಹಾಳೆಯಲ್ಲಿವೆ), ಕದಲದ ಒಂದು ಗುರುತಿನಿಂದ ಇರುವ ದಿಕ್ಕು ಮತ್ತು ದೂರ, ಆ ಜಾಗಕ್ಕೆ ದನ ಕಾಯುವವರು ಹೇಳುವ ಹೆಸರು. ಈ ನಾಲ್ಕನೆಯದನ್ನು ಹಲವರು ಬಿಡುತ್ತಾರೆ. ನಕ್ಷೆಯಲ್ಲಿ ಹೆಸರಿಲ್ಲದ ಹಳ್ಳಕ್ಕೂ ದಿಬ್ಬಕ್ಕೂ ಊರಿನವರ ಬಾಯಲ್ಲಿ ಹೆಸರಿದೆ. ರಸ್ತೆ ಬದಲಾದರೂ ಮರ ಬಿದ್ದರೂ ಆ ಹೆಸರು ಉಳಿಯುತ್ತದೆ.

ಶಾಸನತಜ್ಞ ಬಿ.ಎಲ್. ರೈಸ್ ನಮ್ಮ ಸೀಮೆಯ ಶಾಸನಗಳಿಗೆ ಮಾಡಿದ್ದೂ ಇದನ್ನೇ. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರ, ಎಂಟನೆಯದರಲ್ಲಿ (1904) ಸೊರಬ. ಒಂದೊಂದು ಶಾಸನಕ್ಕೂ ತಾಲ್ಲೂಕಿನ ಹೆಸರು, ಒಂದು ಅಂಕಿ, ಇರುವ ಊರು ಮತ್ತು ಜಾಗ. ತಾಳಗುಂದದ ಕದಂಬರ ಸ್ತಂಭಶಾಸನ ‘ಶಿಕಾರಿಪುರ 176’. ಇಂದಿಗೂ ವಿದ್ವಾಂಸರು ಆ ಅಂಕಿಯಲ್ಲೇ ಅದನ್ನು ಗುರುತಿಸುತ್ತಾರೆ.

3. ಕಂಡದ್ದನ್ನೂ ಅನಿಸಿದ್ದನ್ನೂ ಬೆರೆಸಬಾರದು

ಒಂದೇ ಪಾಠ ಹೇಳು ಎಂದರೆ ನಾನು ಇದನ್ನೇ ಹೇಳುತ್ತೇನೆ.

ಶಿಕಾರಿಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೊಲದ ಅಂಚಿಗೆ ಸಾಲಾಗಿ ಮೂರು ಕಪ್ಪು ಬಂಡೆ ಕಂಡೆ. ಪುಸ್ತಕದಲ್ಲಿ ‘ಇಲ್ಲಿ ಡೈಕು ಹಾದುಹೋಗಿದೆ’ ಎಂದು ಬರೆದೆ. ಡೈಕು ಎಂದರೆ ನೆಲದೊಳಗಿನ ಬಿರುಕಿಗೆ ನುಗ್ಗಿ ಗಟ್ಟಿಯಾದ ಕಪ್ಪುಶಿಲೆಯ ಗೋಡೆ. ಎಷ್ಟೋ ಕಡೆ ಅದು ಅಂತರ್ಜಲವನ್ನು ಒಂದು ಮಗ್ಗುಲಿಗೆ ತಡೆದು ನಿಲ್ಲಿಸುತ್ತದೆ. ಕೆಲವು ವರ್ಷ ಕಳೆದ ಮೇಲೆ ಒಬ್ಬ ಕಿರಿಯ ಸಹೋದ್ಯೋಗಿ ನನ್ನ ಆ ಸಾಲನ್ನು ನಂಬಿ ಜಾಗ ಗುರುತಿಸಿದರು. ಅಲ್ಲಿ ಒಬ್ಬ ರೈತ ಕೊರೆಸಿದ ಬಾವಿಯಲ್ಲಿ ನೀರೇ ಬರಲಿಲ್ಲ. ಹೋಗಿ ಕೇಳಿದಾಗ ಊರಿನ ಹಿರಿಯರೊಬ್ಬರು, ಆ ಬಂಡೆಗಳನ್ನು ಹಿಂದೆ ಗುಡಿಯ ಕಟ್ಟೆಗೆಂದು ಗಾಡಿಯಲ್ಲಿ ತಂದು ಅಲ್ಲಿ ಬಿಟ್ಟಿದ್ದರು ಎಂದರು. ನಾನು ಕಂಡದ್ದು ಮೂರು ಬಂಡೆ, ಬರೆದದ್ದು ಡೈಕು. ‘ಮೂರು ಕಪ್ಪು ಬಂಡೆ, ಬುಡ ನೆಲದಲ್ಲಿ ಹೂತಿಲ್ಲ’ ಎಂದು ಬರೆದಿದ್ದರೆ ಆ ರೈತನ ದುಡ್ಡು ಉಳಿಯುತ್ತಿತ್ತು. ಆತನ ಮನೆಯ ಮುಂದೆ ಹಾದುಹೋಗುವಾಗ ಇಂದಿಗೂ ನನಗೆ ತಲೆಯೆತ್ತಲು ಆಗುವುದಿಲ್ಲ.

ಅಂದಿನಿಂದ ಬಲಪುಟ ಕಣ್ಣಿಗೆ, ಎಡಪುಟ ತಲೆಗೆ. ಬಲಗಡೆ ಕಂಡದ್ದು, ಅಳೆದದ್ದು, ಮುಟ್ಟಿದ್ದು ಮಾತ್ರ. ಎಡಗಡೆ ‘ಹೀಗಿರಬಹುದು’ ಎಂಬುದು.

ಫೂಟ್ ಬರೆದದ್ದು ಏಕೆ ಬಾಳಿತು ಎಂಬುದೂ ಇದರಿಂದಲೇ ತಿಳಿಯುತ್ತದೆ. ಧಾರವಾಡ ಶಿಲೆಗಳು ಹಳೆಯ ಗ್ನೈಸ್ (ಪಟ್ಟೆಪಟ್ಟೆಯ ರೂಪಾಂತರ ಶಿಲೆ) ಮೇಲೆ ಕೂತಿವೆ ಎಂಬುದು ಅವರ ನಿಲುವು. ಅವರ ನಂತರ ಮೈಸೂರು ಇಲಾಖೆಯ ಮುಖ್ಯಸ್ಥರಾದ ಸ್ಮೀತ್ ಅದನ್ನು ತಿರುಗಿಸಿದರು, ಧಾರವಾಡವೇ ಹಳೆಯದು, ಗ್ನೈಸ್ ಆಮೇಲಿನದು ಎಂದರು. 1916ರಲ್ಲಿ ಸ್ಮೀತ್ ಬರೆದ ಮೈಸೂರಿನ ಭೂ ಇತಿಹಾಸದ ಮೇಲೆ ಎರಡು ತಲೆಮಾರು ನಿಂತಿತು. ಬಳಿಕ ಹೊಸ ಸಮೀಕ್ಷೆ, ಹೊಸ ಕಾಲನಿರ್ಣಯ ಬಂದವು. ಇಂದು ನಾವು ಧಾರವಾಡ ಎನ್ನುವ ಶಿಲೆಗಳ ಬಹುಪಾಲು ಗ್ನೈಸ್‌ನ ತಳದ ಮೇಲೆಯೇ ಹರಡಿದೆ ಎಂದು ಒಪ್ಪಿದ್ದೇವೆ, ಅದಕ್ಕೂ ಹಳೆಯದನ್ನು ಸರಗೂರು ಎಂದು ಬೇರೆಯಾಗಿಸಿದ್ದೇವೆ. ಅಭಿಪ್ರಾಯ ಹೋಯಿತು, ಬಂತು. ಯಾವ ಕಲ್ಲು ಎಲ್ಲಿ ಯಾವ ಕಡೆಗೆ ವಾಲಿದೆ ಎಂದು ಫೂಟ್ ಬರೆದದ್ದು ಮಾತ್ರ ಎಲ್ಲರ ಕೈಗೂ ಒದಗಿತು.

ಬಳ್ಳಾರಿ ಕಡೆಯ ಬೂದಿದಿಬ್ಬಗಳದ್ದೂ ಅದೇ ಕತೆ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂಬುದು ಜನರ ಮಾತು. ಫೂಟ್ ಅಲ್ಲಿನ ಕಲ್ಲುಕೊಡಲಿ, ಮಡಕೆಚೂರುಗಳನ್ನು ನೋಡಿ, ಇದು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯ ರಾಶಿ ಎಂದರು. ಇತಿಹಾಸಕಾರ ರಾಬರ್ಟ್ ಸಿವೆಲ್ ಒಪ್ಪಲಿಲ್ಲ, ಅದು ತೀರ ಈಚಿನದು ಎಂದರು. 1960ರಲ್ಲಿ ವಿಜ್ಞಾನಿ ಝಾಯ್ನರ್ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸಗಣಿಯೇ ಎಂದು ತೋರಿಸಿದರು. ಉಟ್ನೂರಿನ ಇಂಥದೇ ದಿಬ್ಬವನ್ನು ಅಗೆದ ಪುರಾತತ್ತ್ವಜ್ಞ ಆಲ್ಚಿನ್ 1963ರಲ್ಲಿ ಆ ದನಗಾಹಿಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು.

4. ಊರಿನವರ ಮಾತನ್ನು ಅವರ ಪದದಲ್ಲೇ ಬರೆದುಕೊಳ್ಳಿ

ನಮ್ಮ ಕಡೆ ಬಾವಿ ತೋಡುವವರಿಗೆ ನೆಲದ ಪದರಗಳೆಲ್ಲ ಹೆಸರಿನಿಂದ ಗೊತ್ತು. ಮೇಲೆ ಜಂಬಿಟ್ಟಿಗೆ, ಅದರ ಕೆಳಗೆ ಶೇಡಿ, ಆಮೇಲೆ ಗಟ್ಟಿಕಲ್ಲು. ಕಾಲೇಜಿನಿಂದ ಹೊಸದಾಗಿ ಬಂದ ನಾನು ಶೇಡಿಯನ್ನು ಬರೀ ‘ಜೇಡಿಮಣ್ಣು’ ಎಂದು ಬರೆಯುತ್ತಿದ್ದೆ. ಶೇಡಿ ಗದ್ದೆಯ ಜೇಡಿಯಲ್ಲ. ಕಲ್ಲೇ ಕೊಳೆತು ಬಿಳಿ, ನಸುಗೆಂಪು ಮೆತ್ತನೆ ಮಣ್ಣಾದದ್ದು. ನೀರು ತಾಗಿದರೆ ಕುಸಿಯುತ್ತದೆ. ಕೊಳವೆಬಾವಿಯ ಕೇಸಿಂಗ್ ಪೈಪು ಶೇಡಿ ದಾಟಿ ಗಟ್ಟಿಕಲ್ಲಿನಲ್ಲಿ ಕೂರದಿದ್ದರೆ ಬಾವಿ ಮುಚ್ಚಿಹೋಗುತ್ತದೆ. ನನ್ನ ಎರಡನೆಯ ಪುಸ್ತಕದಿಂದ ‘ಶೇಡಿ’ ಎಂದೇ ಬರೆದೆ, ಎಷ್ಟು ಅಡಿಯಿಂದ ಎಷ್ಟು ಅಡಿಗೆ ಎಂದೂ ಬರೆದೆ. ಇಪ್ಪತ್ತು ವರ್ಷದ ಮೇಲೆ ಪಕ್ಕದ ಹೊಲದವರು ಬೋರು ಕೊರೆಸುವಾಗ ಎಷ್ಟು ಪೈಪು ಬೇಕೆಂದು ಆ ಪುಟ ನೋಡಿ ಹೇಳಿದೆ, ಸರಿಹೋಯಿತು.

ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ಪ್ರವಾಸಗ್ರಂಥದಲ್ಲಿ. ಮಲಬಾರಿನ ಅಂಗಾಡಿಪುರದಲ್ಲಿ ಕಂಡ ಈ ಕಲ್ಲನ್ನು ಅಲ್ಲಿನವರು ‘ಇಟ್ಟಿಗೆ ಕಲ್ಲು’ ಎನ್ನುತ್ತಾರೆಂದು ಬರೆದುಕೊಂಡು, ಲ್ಯಾಟಿನ್ನಿನಲ್ಲಿ ಇಟ್ಟಿಗೆಗಿರುವ ಪದದಿಂದ ಹೆಸರು ಕಟ್ಟಿದರು. ಜಗತ್ತಿನ ಭೂವಿಜ್ಞಾನ ಪುಸ್ತಕಗಳಲ್ಲೆಲ್ಲ ಇರುವ ಆ ಪದ ಅಲ್ಲಿನ ಜನರ ಮಾತಿನ ಅನುವಾದ. ಜಂಬಿಟ್ಟಿಗೆಯೊಳಗೂ ಇಟ್ಟಿಗೆಯೇ ಕೂತಿದೆಯಲ್ಲ!

5. ನಿಮ್ಮ ಕೆಲಸದ್ದಲ್ಲದ್ದಕ್ಕೂ ಒಂದು ಸಾಲು ಕೊಡಿ

ಫೂಟ್‌ಗೆ ಸಂಬಳ ಕೊಡುತ್ತಿದ್ದುದು ಶಿಲಾನಕ್ಷೆ ಬರೆಯಲು. ಗೋಕಾಕದ ಬಳಿಯ ಚಿಕ್ಕದವಳಿಯಲ್ಲಿ ಹಳ್ಳದ ದಡದಲ್ಲಿ ಸಿಕ್ಕ ಘೇಂಡಾಮೃಗದ ಎಲುಬುಗಳನ್ನು ಅವರು ಬಿಡಲಿಲ್ಲ. 1874ರಲ್ಲಿ ಅವುಗಳ ಮೇಲೆಯೇ ಒಂದು ಪ್ರಬಂಧ ಪ್ರಕಟಿಸಿದರು. ನಮ್ಮ ಪಕ್ಕದ ನ್ಯಾಮತಿಯಲ್ಲೂ ಹಳೆ ಶಿಲಾಯುಗದ ಆಯುಧ ಗುರುತಿಸಿದರು. 1912ರಲ್ಲಿ ಅವರು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ ಮದರಾಸು ಮ್ಯೂಸಿಯಂ ಅವರ ಸಂಗ್ರಹದ ಪಟ್ಟಿಯನ್ನೂ ಟಿಪ್ಪಣಿಯನ್ನೂ ಪ್ರಕಟಿಸಿತು. ಕರ್ನಾಟಕದಲ್ಲಿ ಪ್ರಾಗಿತಿಹಾಸ ಓದುವವರು ಇಂದಿಗೂ ಮೊದಲು ತೆರೆಯುವುದು ಅದನ್ನೇ.

ಸೊರಬದ ಕಾನುಗಳ ಬಗ್ಗೆ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ಕೊಟ್ಟ ಜಂಟಿ ವರದಿ ಸರ್ಕಾರದ ಅನುಕೂಲಕ್ಕೆ ಬರೆದದ್ದು. ಇಂದು ಕಾನು ಎಲ್ಲೆಲ್ಲಿ ಇತ್ತು ಎಂದು ಕೇಳುವವರಿಗೆ ಅದೇ ಸಾಕ್ಷಿ. ನಾನೂ ವೀರಗಲ್ಲು, ಮಾಸ್ತಿಕಲ್ಲು, ಒಡೆದ ತೂಬು, ಬತ್ತಿದ ಒರತೆ ಕಂಡಲ್ಲೆಲ್ಲ ಒಂದು ಸಾಲು ಬರೆದೆ. ಇನ್ನೂ ಹೆಚ್ಚು ಬರೆಯಬೇಕಿತ್ತು. ನಾನು ನೋಡಿದ ಒರತೆಗಳಲ್ಲಿ ಕೆಲವು ಈಗ ಶುಂಠಿ ಹೊಲದ ಕೆಳಗಿವೆ.

6. ಅಳಿಸಬೇಡಿ

ತಪ್ಪಾದರೆ ಓದಲು ಬರುವಂತೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹೊಸದನ್ನೂ ಅಂದಿನ ದಿನಾಂಕವನ್ನೂ ಬರೆಯಿರಿ. ಮೇಲಿನವರು ಹೇಳಿದರೆಂದು ನಾನು ಒಮ್ಮೆ ಒಂದು ಅಳತೆಯನ್ನು ರಬ್ಬರಿನಿಂದ ಉಜ್ಜಿದೆ. ಮೊದಲಿನದೇ ಸರಿ ಎಂದು ಆಮೇಲೆ ತಿಳಿಯಿತು, ಆ ಅಂಕಿ ಮತ್ತೆ ಸಿಗಲಿಲ್ಲ.

7. ಕೊನೆಯ ಪುಟಗಳಲ್ಲಿ ಸೂಚಿ ಬರೆಯಿರಿ

ಚಾರ್ಲ್ಸ್ ಲಯೆಲ್ ಭೂವಿಜ್ಞಾನಕ್ಕೆ ಅಡಿಗಲ್ಲು ಹಾಕಿದವರಲ್ಲಿ ಒಬ್ಬರು, ಡಾರ್ವಿನ್‌ಗೆ ದಾರಿ ತೋರಿದವರು. ಅವರ 294 ಟಿಪ್ಪಣಿ ಪುಸ್ತಕಗಳು ಮಾರಾಟಕ್ಕೆ ಬಂದಾಗ, ದೇಶ ಬಿಟ್ಟು ಹೋಗದಿರಲೆಂದು ಜನರಿಂದ ಹಣ ಕೂಡಿಸಿ 2019ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಅವನ್ನು ಉಳಿಸಿಕೊಂಡಿತು. ಲಯೆಲ್ ತಮ್ಮ ಪುಸ್ತಕಗಳಿಗೆ ತಾವೇ ಸೂಚಿ ಬರೆದುಕೊಳ್ಳುತ್ತಿದ್ದರು. ನಾನು ಇದನ್ನು ಕಲಿತದ್ದು ನಿವೃತ್ತಿಯ ನಂತರ. ಈ ಎರಡು ಮಳೆಗಾಲ ನಾನು ಮಾಡಿದ ಮುಖ್ಯ ಕೆಲಸವೇ ಸೂಚಿ: ಊರಿಗೊಂದು, ಕಲ್ಲಿಗೊಂದು, ಬಾವಿಗೊಂದು. ಸೂಚಿ ಇಲ್ಲದ ಪುಸ್ತಕವನ್ನು ಬರೆದವನೂ ಮತ್ತೆ ತೆರೆಯುವುದಿಲ್ಲ. ತೆರೆಯದ ಪುಸ್ತಕ ಒಂದು ದಿನ ರದ್ದಿಗೆ ಹೋಗುತ್ತದೆ. ಹಾಗೆ ಹೋದ ಕಟ್ಟುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸೊರಬ, ಶಿಕಾರಿಪುರದ ಕಡೆ ಕೊಳವೆಬಾವಿ ಕೊರೆಸುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಒಂದು ಪುಟ ಇದಕ್ಕೆ ಬಿಡಿ. ದಿನಾಂಕ, ಸರ್ವೆ ನಂಬರು, ಜಂಬಿಟ್ಟಿಗೆ ಎಷ್ಟು ಅಡಿ, ಶೇಡಿ ಎಷ್ಟು ಅಡಿ, ಕಲ್ಲು ಯಾವ ಬಣ್ಣ, ನೀರು ಎಷ್ಟರಲ್ಲಿ ಸಿಕ್ಕಿತು ಎಂದು ಲಾರಿ ಹೊರಡುವ ಮೊದಲೇ ಬರೆಯಿರಿ. ಬಾವಿಯಲ್ಲಿ ನೀರು ಬರದಿದ್ದರೂ ಬರೆಯಿರಿ, ಪಕ್ಕದ ಹೊಲದವರಿಗೆ ಬೇಕಾಗುವುದು ಆ ಪುಟವೇ.